ದಿನಕ್ಕೆ ಎಂಟು ಪದ: ನೂರು ದಿನಗಳ ಜಪಾನೀ ಪದಾಭ್ಯಾಸ

ಜಪಾನೀ ಭಾಷೆಯನ್ನು ಗುರುಗಳ ನೆರವಿಲ್ಲದೆ ತಾವಾಗಿಯೇ ಕಲಿಯಲು ಹೊರಟವರು ಪದಾಭ್ಯಾಸವನ್ನು ಕೈಬಿಡುವುದು ಹೆಚ್ಚಾಗಿ ನಾಲ್ಕನೆಯ ಅಥವಾ ಐದನೆಯ ವಾರದಲ್ಲಿ. ಮೊದಲ ವಾರದ ಹುರುಪಿನಲ್ಲಿ ದಿನಕ್ಕೆ 25 ಪದಗಳೂ ಹಗುರವೆನಿಸುತ್ತವೆ. ನಾನೂ ಮೊದಲ ಸಲ ಹಾಗೆಯೇ ಆರಂಭಿಸಿ ತಿಂಗಳು ತುಂಬುವಷ್ಟರಲ್ಲಿ ನಿಲ್ಲಿಸಿದೆ. ಏಕೆ ಹೀಗಾಯಿತೆಂದು ಕಾಗದದ ಮೇಲೆ ಲೆಕ್ಕ ಹಾಕಿದಾಗ ಕಾರಣ ತಿಳಿಯಿತು. ಕಲಿತ ಪದವೊಂದು ನೆನಪಿನಲ್ಲಿ ನೆಲೆಯೂರಬೇಕಾದರೆ ಅದನ್ನು 1, 3, 7, 15 ಮತ್ತು 30 ದಿನಗಳ ನಂತರ ಮತ್ತೆ ನೆನಪಿಗೆ ತಂದುಕೊಳ್ಳಬೇಕು ಎಂದಿಟ್ಟುಕೊಳ್ಳೋಣ. ಆಗ ಇಂದು ಬರೆದುಕೊಳ್ಳುವ ಪ್ರತಿಯೊಂದು ಹೊಸ ಪದವೂ ಮುಂದಿನ ಒಂದು ತಿಂಗಳಲ್ಲಿ ಐದು ಸಲ ಮರಳಿ ಬರುತ್ತದೆ. ದಿನಕ್ಕೆ 25 ಪದ ಕಲಿಯುವವರ ಮುಂದೆ ತಿಂಗಳ ಕೊನೆಗೆ ದಿನವೂ 125 ಹಳೆಯ ಪದಗಳು ನಿಂತಿರುತ್ತವೆ. ಮರೆತುಹೋಗಿ ಮತ್ತೆ ಮೊದಲಿನಿಂದ ಕಲಿಯಬೇಕಾದವು ಇದಕ್ಕೆ ಹೊರತು. ದಿನಕ್ಕೆ 8 ಪದವಾದರೆ ಆ ಸಂಖ್ಯೆ 40 ಆಗುತ್ತದೆ. ನಲವತ್ತು ಪದಗಳನ್ನು ಕೆಲಸದ ದಿನಗಳಲ್ಲೂ ಹತ್ತು ನಿಮಿಷಗಳೊಳಗೆ ನೋಡಿ ಮುಗಿಸಬಹುದು.

ಮರೆವಿನ ಸ್ವಭಾವವನ್ನು ಮೊದಲಿಗೆ ಅಳೆದು ನೋಡಿದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಅವರು ತಾವೇ ಬಾಯಿಪಾಠ ಮಾಡಿ, ಎಷ್ಟು ಕಾಲದ ನಂತರ ಎಷ್ಟು ಉಳಿಯುತ್ತದೆ ಎಂಬುದನ್ನು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಅತಿ ವೇಗವಾಗಿ ನಡೆದು ಆಮೇಲೆ ನಿಧಾನವಾಗುತ್ತದೆ ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ಮೊದಲ ಎರಡು ಪುನರಾವರ್ತನೆಗಳು ಹತ್ತಿರಹತ್ತಿರವೂ ನಂತರದವು ದೂರದೂರವೂ ಇರಬೇಕೆಂಬ ಪದ್ಧತಿಯ ತಳಹದಿ ಇದೇ. ನಾನು ಹೇಳುವ ಐದು ಅಂತರಗಳು ಅನುಕೂಲಕ್ಕಾಗಿ ಹಾಕಿಕೊಂಡವು. ಒಂದೆರಡು ದಿನ ಆಚೀಚೆ ಆದರೆ ತೊಂದರೆಯಿಲ್ಲ.

ಇದಕ್ಕೆ ಬೇಕಾದ ಸಾಮಗ್ರಿ ನೂರು ಹಾಳೆಗಳ ಒಂದು ನೋಟ್‌ಪುಸ್ತಕ. ಹಾಳೆಗಳಿಗೆ 1ರಿಂದ 100ರವರೆಗೆ ಸಂಖ್ಯೆ ಹಾಕಿ, ಪ್ರತಿ ದಿನಕ್ಕೆ ಒಂದು ಹಾಳೆಯನ್ನು ಮೀಸಲಿಡಿ. ಹಾಳೆಯ ಎಡಭಾಗದಲ್ಲಿ ಕನ್ನಡ ಅರ್ಥವನ್ನೂ ಬಲಭಾಗದಲ್ಲಿ ಜಪಾನೀ ಪದವನ್ನೂ ಬರೆದರೆ, ಬಲಭಾಗವನ್ನು ಮುಚ್ಚಿಕೊಂಡು ಪರೀಕ್ಷಿಸಿಕೊಳ್ಳಲು ಸಾಧ್ಯವಾಗುತ್ತದೆ. ನಲವತ್ತನೆಯ ದಿನ ಯಾವ ಹಾಳೆಗಳನ್ನು ತೆರೆಯಬೇಕೆಂಬುದಕ್ಕೆ ಕಳೆಯುವ ಲೆಕ್ಕ ಸಾಕು: 39, 37, 33, 25 ಮತ್ತು 10. ಫೋನಿನಲ್ಲೇ ಮಾಡಲು ಇಷ್ಟಪಡುವವರಿಗೆ 2006ರಿಂದ ಬಳಕೆಯಲ್ಲಿರುವ ಅಂಕಿ ಎಂಬ ತಂತ್ರಾಂಶ ಈ ಅಂತರಗಳನ್ನು ತಾನೇ ನಿರ್ಧರಿಸಿಕೊಡುತ್ತದೆ. ಈ ಹೆಸರಿಗೂ ಕನ್ನಡದ ಅಂಕಿಗೂ ಸಂಬಂಧವಿಲ್ಲ. ಜಪಾನೀ ಭಾಷೆಯಲ್ಲಿ ಅದರ ಅರ್ಥ ಕಂಠಪಾಠ. ಆದರೂ ಮೊದಲ ನೂರು ದಿನಗಳಿಗೆ ನಾನು ನೋಟ್‌ಪುಸ್ತಕವನ್ನೇ ಸೂಚಿಸುತ್ತೇನೆ, ಏಕೆಂದರೆ ಹೊಸ ಲಿಪಿಯನ್ನು ಕೈಯಿಂದ ಬರೆಯುವ ಅಭ್ಯಾಸವೂ ಜೊತೆಯಲ್ಲಿಯೇ ಆಗುತ್ತದೆ.

ಪ್ರತಿ ಏಳನೆಯ ದಿನ ಹೊಸ ಪದ ಬೇಡ, ಹಳೆಯವು ಮಾತ್ರ. ನೂರು ದಿನಗಳಲ್ಲಿ ಅಂತಹ ದಿನಗಳು 14 ಬರುತ್ತವೆ. ಉಳಿದ 86 ದಿನಗಳಲ್ಲಿ ದಿನಕ್ಕೆ ಎಂಟರಂತೆ ಒಟ್ಟು 688 ಪದಗಳಾಗುತ್ತವೆ. ಇದು ಕಡಿಮೆಯೆಂದು ತೋರಬಹುದು. 1984ರಲ್ಲಿ ಆರಂಭವಾದ ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಯ ಅತಿ ಕೆಳಗಿನ ಹಂತಕ್ಕೆ ಹಳೆಯ ನಿಯಮಾವಳಿಯಲ್ಲಿ ನಿಗದಿಯಾಗಿದ್ದದ್ದು ಸುಮಾರು 800 ಪದಗಳು ಎಂಬುದನ್ನು ಗಮನಿಸಿದರೆ ಈ ಗುರಿ ಚಿಕ್ಕದಲ್ಲವೆಂದು ತಿಳಿಯುತ್ತದೆ. 2010ರಲ್ಲಿ ಆ ಪರೀಕ್ಷೆಯನ್ನು ಎನ್5ರಿಂದ ಎನ್1ರವರೆಗಿನ ಐದು ಹಂತಗಳಾಗಿ ಮರುರೂಪಿಸಿದ ಮೇಲೆ ಅಧಿಕೃತ ಪದಪಟ್ಟಿಯನ್ನು ಪ್ರಕಟಿಸುತ್ತಿಲ್ಲ. ಆದುದರಿಂದ ಎನ್5 ಪಟ್ಟಿ ಎಂದು ಎಲ್ಲೆಡೆ ಸಿಗುವುದೆಲ್ಲ ಅಂದಾಜಿನ ಪಟ್ಟಿ. ಅದನ್ನು ಬಳಸಬಹುದು, ಆದರೆ ಅದರಲ್ಲಿಲ್ಲದ ಪದ ನಿಮ್ಮ ದಿನನಿತ್ಯದ ಮಾತಿಗೆ ಬೇಕಾದರೆ ಹಿಂಜರಿಯದೆ ಸೇರಿಸಿಕೊಳ್ಳಿ.

ನೂರು ದಿನಗಳ ಎಣಿಕೆ ಆರಂಭವಾಗುವ ಮೊದಲು ಎರಡು ವಾರಗಳನ್ನು ಲಿಪಿಗೆ ಕೊಡಬೇಕು. ಹಿರಗನ ಮತ್ತು ಕತಕನ ಎಂಬ ಎರಡು ಅಕ್ಷರಮಾಲೆಗಳಲ್ಲಿ ತಲಾ 46 ಮೂಲಾಕ್ಷರಗಳಿವೆ. ಅವುಗಳ ಕ್ರಮ ನಮಗೆ ಪರಿಚಿತ: ಸ್ವರಗಳು ಅ, ಇ, ಉ, ಎ, ಒ, ವ್ಯಂಜನಗಳ ಸಾಲುಗಳು ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧಧರ್ಮದೊಡನೆ ಪೂರ್ವಕ್ಕೆ ಸಾಗಿದ ಸಂಸ್ಕೃತ ವರ್ಣಮಾಲೆಯ ಅಧ್ಯಯನವೇ ಈ ಜೋಡಣೆಗೆ ಮಾದರಿಯಾಯಿತು. ಹೀಗಾಗಿ ಜಪಾನೀ ನಿಘಂಟಿನಲ್ಲಿ ಪದ ಹುಡುಕುವುದು ಕನ್ನಡಿಗರಿಗೆ ಬೇಗ ಕೈಗೆ ಹತ್ತುತ್ತದೆ. ಹ್ರಸ್ವ ದೀರ್ಘಗಳ ಮತ್ತು ಒತ್ತಕ್ಷರಗಳ ವ್ಯತ್ಯಾಸವೂ ನಮ್ಮ ಕಿವಿಗೆ ಸಹಜ. ಒಬಸನ್ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ಒಬಾಸನ್ ಎಂದರೆ ಅಜ್ಜಿ. ಕಿತೆ ಎಂದರೆ ಬಂದು, ಕಿತ್ತೆ ಎಂದರೆ ಅಂಚೆಚೀಟಿ. ಬಿರು ಎಂದರೆ ಕಟ್ಟಡ, ಬೀರು ಎಂದರೆ ಬಿಯರ್. ಇವುಗಳನ್ನು ಕನ್ನಡ ಲಿಪಿಯಲ್ಲಿ ತಪ್ಪಿಲ್ಲದೆ ಬರೆದಿಡಬಹುದು.

ಆದರೂ ಮೂರನೆಯ ವಾರದಿಂದ ಬಲಭಾಗದಲ್ಲಿ ಕನ್ನಡ ಲಿಪಿಯನ್ನು ಬಿಟ್ಟುಬಿಡಿ ಎಂದು ಒತ್ತಿ ಹೇಳುತ್ತೇನೆ. ಶಾಲೆ ಎಂಬರ್ಥದ ಗಕ್ಕೋ ಎಂಬ ಪದದ ಕೊನೆಯ ದೀರ್ಘ ಓಕಾರವನ್ನು ಹಿರಗನದಲ್ಲಿ ಒಕಾರದ ಮುಂದೆ ಉಕಾರವನ್ನಿಟ್ಟು ಬರೆಯುತ್ತಾರೆ, ಗುರುಗಳು ಎಂಬರ್ಥದ ಸೆನ್ಸೇ ಎಂಬುದರ ಏಕಾರವನ್ನು ಎಕಾರದ ಮುಂದೆ ಇಕಾರವನ್ನಿಟ್ಟು ಬರೆಯುತ್ತಾರೆ. ಇವು ಕಣ್ಣಿಗೆ ರೂಢಿಯಾಗದಿದ್ದರೆ ಮುಂದೆ ಓದುವುದೂ ಟೈಪ್ ಮಾಡುವುದೂ ಕಷ್ಟವಾಗುತ್ತದೆ.

ಅರ್ಥದ ಬದಿಯಲ್ಲಿ ಕನ್ನಡವೇ ಇರಲಿ

ನಾನು ಈ ಬರಹದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಸಿದ್ಧವಾಗಿ ಸಿಗುವ ಪದಪಟ್ಟಿಗಳಲ್ಲಿ ಅರ್ಥ ಇಂಗ್ಲಿಷಿನಲ್ಲಿರುತ್ತದೆ. ಅದನ್ನೇ ನಕಲು ಮಾಡಿಕೊಳ್ಳುವವರು ಜಪಾನೀ ಭಾಷೆಗೂ ಕನ್ನಡಕ್ಕೂ ನೇರವಾಗಿ ಇರುವ ಹೊಂದಿಕೆಯನ್ನು ಕಳೆದುಕೊಂಡು, ಇಲ್ಲದ ಗೊಂದಲಗಳನ್ನು ಮೈಮೇಲೆ ಹಾಕಿಕೊಳ್ಳುತ್ತಾರೆ. ಇಂಗ್ಲಿಷಿನ ‘ಕೋಲ್ಡ್’ ಎಂಬ ಒಂದು ಪದಕ್ಕೆ ಜಪಾನೀ ಭಾಷೆಯಲ್ಲಿ ಸಮುಯಿ, ತ್ಸುಮೆತಯಿ ಎಂಬ ಎರಡು ಪದಗಳಿವೆ. ಪಟ್ಟಿಯಲ್ಲಿ ಎರಡರ ಮುಂದೆಯೂ ಒಂದೇ ಅರ್ಥ ಬರೆದಿರುತ್ತದೆ. ಕನ್ನಡದಲ್ಲಿ ಸಮುಯಿ ಎಂದರೆ ಚಳಿ, ತ್ಸುಮೆತಯಿ ಎಂದರೆ ಮುಟ್ಟಿದರೆ ತಣ್ಣಗಿರುವುದು. ನಮಗೆ ಇವು ಎಂದೂ ಬೆರೆಯುವುದಿಲ್ಲ. ಅತ್ಸುಯಿ ಎಂಬುದನ್ನು ಹವೆಗೆ ಒಂದು ಕಂಜಿಯಲ್ಲೂ (ಚೀನಾದಿಂದ ಬಂದ, ಅರ್ಥವನ್ನು ಸೂಚಿಸುವ ಅಕ್ಷರ) ವಸ್ತುವಿಗೆ ಇನ್ನೊಂದು ಕಂಜಿಯಲ್ಲೂ ಬರೆಯುವುದೇಕೆಂದು ಸೆಕೆ ಮತ್ತು ಬಿಸಿ ಎಂಬ ಎರಡು ಪದಗಳಿರುವ ನಾಡಿನವರಿಗೆ ವಿವರಿಸಬೇಕಾಗಿಲ್ಲ.

ಬಂಧುಗಳ ಹೆಸರುಗಳನ್ನು ನೋಡಿ. ಅನಿ ಎಂದರೆ ಅಣ್ಣ, ಒತೋತೊ ತಮ್ಮ, ಅನೆ ಅಕ್ಕ, ಇಮೋತೊ ತಂಗಿ. ಇಂಗ್ಲಿಷಿನ ಮೂಲಕ ಬಂದರೆ ಹಿರಿಯ, ಕಿರಿಯ ಎಂಬ ವಿಶೇಷಣಗಳನ್ನು ಸೇರಿಸಬೇಕು. ಕನ್ನಡದಲ್ಲಿ ಪದಕ್ಕೆ ಪದ ಸಿಗುತ್ತದೆ. ಎಣಿಕೆಯಲ್ಲಿಯೂ ಹಾಗೆಯೇ: ಜನರನ್ನು ಎಣಿಸುವಾಗ ಹಿತೊರಿ, ಫುತರಿ ಎಂದು ಬೇರೆ ರೂಪಗಳು ಬರುತ್ತವೆ, ನಾವು ಒಬ್ಬರು, ಇಬ್ಬರು ಎನ್ನುವಂತೆಯೇ. ಉಡುಪಿನ ಕ್ರಿಯಾಪದಗಳು ಅಂಗಿಗೆ ಕಿರು, ಸೊಂಟದ ಕೆಳಗಿನ ಉಡುಪಿಗೂ ಪಾದರಕ್ಷೆಗೂ ಹಕು, ತಲೆಗೆ ಹಾಕುವುದಕ್ಕೆ ಕಬುರು ಎಂದು ಬದಲಾಗುತ್ತವೆ. ಉಡುವುದು, ತೊಡುವುದು, ಮುಡಿಯುವುದು ಎಂಬ ಭೇದವನ್ನು ಬಲ್ಲವರಿಗೆ ಈ ಬಗೆಯ ವಿಂಗಡಣೆ ಹೊಸದೇನಲ್ಲ, ಎಲ್ಲೆ ಎಲ್ಲಿ ಬೀಳುತ್ತದೆ ಎಂಬುದನ್ನಷ್ಟೇ ಕಲಿಯಬೇಕು.

ಕ್ರಿಯಾಪದಗಳಲ್ಲಿ ಈ ಲಾಭ ಇನ್ನೂ ದೊಡ್ಡದು. ಜಪಾನೀ ಭಾಷೆಯಲ್ಲಿ ಸಕರ್ಮಕ ಮತ್ತು ಅಕರ್ಮಕ ಕ್ರಿಯಾಪದಗಳು ಜೋಡಿಜೋಡಿಯಾಗಿ ಇರುತ್ತವೆ, ಮತ್ತು ಕಲಿಯುವವರು ಅತಿ ಹೆಚ್ಚು ತಪ್ಪುವುದು ಇಲ್ಲಿಯೇ. ಕೆಸು ಎಂದರೆ ಆರಿಸು, ಕಿಯೆರು ಎಂದರೆ ಆರು. ತೊಮೆರು ನಿಲ್ಲಿಸು, ತೊಮರು ನಿಲ್ಲು. ಒಕೊಸು ಎಬ್ಬಿಸು, ಒಕಿರು ಏಳು. ಒರೊಸು ಇಳಿಸು, ಒರಿರು ಇಳಿ. ಎಡಭಾಗದಲ್ಲಿ ‘ದೀಪ ಆರಿಸು’, ‘ದೀಪ ಆರು’ ಎಂದು ಬರೆದರೆ ಜೋಡಿಯ ಎರಡು ಸದಸ್ಯರೂ ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲುತ್ತಾರೆ. ಹಾಗೆಯೇ ಕ್ರಿಯಾಪದವನ್ನು ಒಂಟಿಯಾಗಿ ಬರೆದುಕೊಳ್ಳದೆ ಅದರೊಡನೆ ಬರುವ ಪ್ರತ್ಯಯವನ್ನೂ ಸೇರಿಸಿ ಬರೆಯಿರಿ. ‘ದೆನ್ಶ ನಿ ನೊರು’ ಎಂಬುದು ‘ರೈಲಿಗೆ ಹತ್ತು’, ‘ತೊಮೊದಚಿ ನಿ ಅಉ’ ಎಂಬುದು ‘ಸ್ನೇಹಿತನಿಗೆ ಸಿಗು’. ನಿ ಎಂಬ ಪ್ರತ್ಯಯ ಇಲ್ಲಿ ಏಕೆ ಬಂತು ಎಂಬ ಪ್ರಶ್ನೆ ನಮ್ಮ ಚತುರ್ಥೀ ವಿಭಕ್ತಿಯಲ್ಲಿ ಕರಗಿಹೋಗುತ್ತದೆ. ವಕರು ಎಂಬುದಕ್ಕೆ ‘ಅರ್ಥಮಾಡಿಕೊ’ ಎಂದು ಬರೆಯದೆ ‘ಅರ್ಥವಾಗು’ ಎಂದು ಬರೆದರೆ, ಅರ್ಥವಾಗುವ ವಸ್ತುವಿಗೆ ಕರ್ತೃವನ್ನು ಸೂಚಿಸುವ ಗ ಎಂಬ ಪ್ರತ್ಯಯ ಸೇರುವುದು ಸರಿಯೆನಿಸುತ್ತದೆ.

ಕೂಡುಕ್ರಿಯೆಗಳಲ್ಲಿ ಈ ಹೊಂದಿಕೆ ಅಚ್ಚರಿ ಹುಟ್ಟಿಸುತ್ತದೆ. ‘ತಬೆತೆ ಮಿರು’ ಎಂಬುದರ ಪದಶಃ ಅರ್ಥ ‘ತಿಂದು ನೋಡು’, ಬಳಕೆಯ ಅರ್ಥವೂ ಅದೇ. ‘ಕಯಿತೆ ಒಕು’ ಎಂದರೆ ‘ಬರೆದಿಡು’, ಇಲ್ಲಿ ಒಕು ಎಂದರೆ ಇಡು. ‘ವಸುರೆತೆ ಶಿಮಉ’ ಎಂದರೆ ‘ಮರೆತುಬಿಡು’. ಶಿಮಉ ಎಂಬುದರ ಮೂಲಾರ್ಥ ಮುಗಿಸು ಎಂದಿದ್ದರೂ ಅದು ಮಾಡುವ ಕೆಲಸ ನಮ್ಮ ‘ಬಿಡು’ವಿನದೇ. ಕಲಿತ ಪ್ರತಿ ಕ್ರಿಯಾಪದಕ್ಕೂ ಈ ಮೂರು ಬಾಲಗಳನ್ನು ಹಚ್ಚಿ ಒಂದು ಸಲ ಗಟ್ಟಿಯಾಗಿ ಹೇಳುವುದು ನಾನು ಬಲ್ಲ ಅತ್ಯುತ್ತಮ ಅಭ್ಯಾಸಗಳಲ್ಲೊಂದು.

ಕನ್ನಡ ಎಲ್ಲೆಡೆ ಸರಿಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ನಮಗೆ ಇದು, ಅದು, ಯಾವುದು ಎಂಬ ಮೂರಿದ್ದರೆ ಅಲ್ಲಿ ಕೊರೆ, ಸೊರೆ, ಅರೆ, ದೊರೆ ಎಂಬ ನಾಲ್ಕಿವೆ. ಸೊರೆ ಕೇಳುವವನ ಬಳಿಯಿರುವುದು, ಅರೆ ಇಬ್ಬರಿಂದಲೂ ದೂರವಿರುವುದು. ಕೊಡು ಎಂಬ ನಮ್ಮ ಒಂದೇ ಪದಕ್ಕೆ ಅಲ್ಲಿ ಎರಡು ಪದಗಳಿವೆ: ನಾನು ಇನ್ನೊಬ್ಬರಿಗೆ ಕೊಡುವುದು ಅಗೆರು, ಇನ್ನೊಬ್ಬರು ನನಗೆ ಕೊಡುವುದು ಕುರೆರು. ಇಂತಹ ಕಡೆ ಎಡಭಾಗದಲ್ಲಿ ಒಂದು ಪದದ ಬದಲು ಚಿಕ್ಕ ಸನ್ನಿವೇಶವನ್ನೇ ಬರೆದಿಡಿ.

ನೀರು ಮತ್ತು ಜಲ

ಮೂವತ್ತನೆಯ ದಿನದ ಸುಮಾರಿಗೆ ಕಂಜಿಗಳತ್ತ ತಿರುಗುವುದು ಒಳ್ಳೆಯದು. ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಸಾಮಾನ್ಯ ಬಳಕೆಯ ಪಟ್ಟಿಯಲ್ಲಿ 2,136 ಕಂಜಿಗಳಿವೆ. ಆ ಸಂಖ್ಯೆಯನ್ನು ಕಂಡು ಧೈರ್ಯಗೆಡಬೇಡಿ, ಈ ನೂರು ದಿನಗಳಿಗೆ 80ರಿಂದ 100 ಸಾಕು. ಒಂದೇ ಕಂಜಿಗೆ ಎರಡು ಉಚ್ಚಾರಣೆಗಳೇಕೆ ಎಂದು ಹೊಸಬರು ಕೇಳುತ್ತಾರೆ. ನೀರಿನ ಕಂಜಿ ಒಂಟಿಯಾಗಿ ನಿಂತಾಗ ಮಿಜು, ಸಮಾಸದಲ್ಲಿ ಸುಯಿ. ನಾವು ನೀರು ಕುಡಿಯುತ್ತೇವೆ, ಆದರೆ ನೀರು ನಿಲ್ಲಿಸಿದ ಕಡೆಯನ್ನು ಜಲಾಶಯ ಎನ್ನುತ್ತೇವೆ. ಜಪಾನೀ ಭಾಷೆಗೆ ಚೀನಾದಿಂದ ಬಂದ ಪದಭಾಗಗಳು ನಮ್ಮ ತತ್ಸಮಗಳ ಸ್ಥಾನದಲ್ಲಿವೆ, ಅಲ್ಲಿನ ನಾಡಪದಗಳು ನಮ್ಮ ದೇಶ್ಯಗಳ ಸ್ಥಾನದಲ್ಲಿವೆ. ಬೆಂಕಿ ಹಿ, ಬೆಟ್ಟ ಯಮ. ಇವೆರಡು ಕಂಜಿಗಳು ಸೇರಿದಾಗ ಹಿಯಮ ಎಂದಾಗದೆ ಕಜನ್ ಎಂದಾಗುತ್ತದೆ, ಅರ್ಥ ಅಗ್ನಿಪರ್ವತ. ನಾವೂ ‘ಬೆಂಕಿಬೆಟ್ಟ’ ಎನ್ನುವುದಿಲ್ಲವಲ್ಲ.

ಈ ತಿಳಿವಳಿಕೆಯಿಂದ ಪದಗಳು ಗೊಂಚಲಾಗಿ ಬರತೊಡಗುತ್ತವೆ. ದೆನ್ ಎಂಬ ಭಾಗಕ್ಕೆ ವಿದ್ಯುತ್ತಿನ ಅರ್ಥ: ದೆನ್ಕಿ ವಿದ್ಯುತ್ತು, ದೆನ್ವ ದೂರವಾಣಿ, ದೆನ್ಶ ವಿದ್ಯುತ್ ರೈಲು, ದೆನ್ಚಿ ಬ್ಯಾಟರಿ. ಗಕು ಎಂಬುದು ಕಲಿಕೆ: ಗಕುಸೇ ವಿದ್ಯಾರ್ಥಿ, ದಯಿಗಕು ವಿಶ್ವವಿದ್ಯಾಲಯ, ಸೂಗಕು ಗಣಿತ, ಬುನ್ಗಕು ಸಾಹಿತ್ಯ. ವಾರದ ಹೆಸರುಗಳು ಗ್ರಹಗಳ ಹೆಸರನ್ನೇ ಹೊತ್ತಿವೆ, ನಮ್ಮ ಕ್ರಮದಲ್ಲಿಯೇ. ಮಂಗಳ ಗ್ರಹ ಕಸೇ, ಮಂಗಳವಾರ ಕಯೋಬಿ; ಬುಧ ಸುಯಿಸೇ, ಬುಧವಾರ ಸುಯಿಯೋಬಿ; ಗುರು ಮೊಕುಸೇ, ಗುರುವಾರ ಮೊಕುಯೋಬಿ; ಶುಕ್ರ ಕಿನ್ಸೇ, ಶುಕ್ರವಾರ ಕಿನ್‌ಯೋಬಿ; ಶನಿ ದೊಸೇ, ಶನಿವಾರ ದೊಯೋಬಿ. ಕ ಬೆಂಕಿ, ಸುಯಿ ನೀರು, ಮೊಕು ಮರ, ಕಿನ್ ಲೋಹ, ದೊ ಮಣ್ಣು. ಭಾನುವಾರ ಸೂರ್ಯನ ಕಂಜಿಯಿಂದ ನಿಚಿಯೋಬಿ, ಸೋಮವಾರ ಚಂದ್ರನ ಕಂಜಿಯಿಂದ ಗೆತ್ಸುಯೋಬಿ.

ಸಮಾಸದಲ್ಲಿ ಎರಡನೆಯ ಪದದ ಮೊದಲಕ್ಷರ ಬದಲಾಗುವುದನ್ನು ಕಂಡು ಗಾಬರಿಯಾಗುವವರು ನಮ್ಮ ಆದೇಶಸಂಧಿಯನ್ನು ನೆನೆಯಲಿ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಂತೆ, ಕೈ ಎಂಬರ್ಥದ ತೆ ಮತ್ತು ಕಾಗದ ಎಂಬರ್ಥದ ಕಮಿ ಸೇರಿ ತೆಗಮಿ, ಅಂದರೆ ಪತ್ರ, ಆಗುತ್ತದೆ. ಹೂವು ಎಂಬರ್ಥದ ಹನ ಮತ್ತು ಬೆಂಕಿ ಎಂಬರ್ಥದ ಹಿ ಸೇರಿದರೆ ಹನಬಿ, ಅಂದರೆ ಬಾಣಬಿರುಸು. ಈ ಬದಲಾವಣೆ ಎಲ್ಲ ಪದಗಳಲ್ಲಿ ಆಗುವುದಿಲ್ಲ, ನಮ್ಮಲ್ಲಿಯೂ ಹಾಗೆಯೇ.

ದಿನದ ಅರ್ಧ ಗಂಟೆ

ಅಭ್ಯಾಸದ ಹೊತ್ತನ್ನು ಒಂದೇ ಬಾರಿಗೆ ಕಳೆಯುವುದಕ್ಕಿಂತ ಎರಡಾಗಿ ಒಡೆಯುವುದು ಮೇಲು. ಬೆಳಿಗ್ಗೆ ಹತ್ತು ಹನ್ನೆರಡು ನಿಮಿಷ ಹಳೆಯ ಐದು ಹಾಳೆಗಳಿಗೆ. ಬಲಭಾಗವನ್ನು ಮುಚ್ಚಿ, ಕನ್ನಡವನ್ನು ಓದಿ, ಜಪಾನೀ ಪದವನ್ನು ಗಟ್ಟಿಯಾಗಿ ಹೇಳಿ, ಆಮೇಲೆ ತೆರೆದು ನೋಡಿ. ಹೊಳೆಯದಿದ್ದರೆ ಐದಾರು ಸೆಕೆಂಡು ತಡಕಾಡಿ. ಆ ತಡಕಾಟವೇ ನೆನಪನ್ನು ಗಟ್ಟಿಮಾಡುತ್ತದೆ. ಬಲಭಾಗವನ್ನು ತೆರೆದಿಟ್ಟು ಹತ್ತು ಸಲ ಓದಿಕೊಂಡರೆ ಗೊತ್ತಿದೆ ಎಂಬ ಭ್ರಮೆ ಮಾತ್ರ ಉಳಿಯುತ್ತದೆ. ಮರೆತ ಪದದ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಹಾಕಿ, ಅದನ್ನು ಮರುದಿನದ ಹಾಳೆಯ ಕೆಳಗೆ ಮತ್ತೆ ಬರೆಯಿರಿ.

ಸಂಜೆ ಹದಿನೈದು ಇಪ್ಪತ್ತು ನಿಮಿಷ ಹೊಸ ಎಂಟು ಪದಗಳಿಗೆ. ಮೊದಲು ಸ್ಥಳೀಯರ ಧ್ವನಿಯಲ್ಲಿ ಪದವನ್ನು ಕೇಳಬೇಕು. ತೋಕ್ಯೋ ಮಾತಿನಲ್ಲಿ ಹಶಿ ಎಂಬುದರ ಮೊದಲಕ್ಷರ ಏರಿದ್ದರೆ ಊಟದ ಕಡ್ಡಿ, ಎರಡನೆಯದು ಏರಿದ್ದರೆ ಸೇತುವೆ. ಇದು ಬರಹದಲ್ಲಿ ತೋರುವುದಿಲ್ಲ. ಬಳಿಕ ಪದವನ್ನು ಮೂರು ಸಲ ಬರೆದು, ಎಂಟರಲ್ಲಿ ಮೂರು ಪದಗಳಿಗಾದರೂ ಸ್ವಂತ ವಾಕ್ಯ ಕಟ್ಟಿ. ವಾಕ್ಯ ನಿಜವಾಗಿರಲಿ: ಇಂದು ನೀವು ಮಾಡಿದ್ದು, ಕಂಡದ್ದು, ನಿಮಗೆ ಬೇಕಾದದ್ದು. ಕರ್ತೃ, ಕರ್ಮ, ಕ್ರಿಯೆ ಎಂಬ ಕ್ರಮ ಎರಡು ಭಾಷೆಗಳಲ್ಲೂ ಒಂದೇ ಆಗಿರುವುದರಿಂದ ಮನಸ್ಸಿನಲ್ಲಿ ಬಂದ ಕನ್ನಡ ವಾಕ್ಯದ ಸ್ಥಾನಗಳಲ್ಲಿಯೇ ಜಪಾನೀ ಪದಗಳನ್ನು ಕೂರಿಸಿದರೆ ಬಹಳಷ್ಟು ಸಲ ಸರಿಯಾದ ವಾಕ್ಯವಾಗುತ್ತದೆ.

ದಿನದ ಎಂಟರಲ್ಲಿ ಮೂರು ಕ್ರಿಯಾಪದಗಳಿರಲಿ. ಬರೀ ನಾಮಪದಗಳನ್ನು ಕೂಡಿಸಿಟ್ಟವರು ನೂರು ದಿನ ಕಳೆದರೂ ವಾಕ್ಯ ಹೇಳಲಾರರು. ಬಲ ಮತ್ತು ಎಡ, ಅಂದರೆ ಮಿಗಿ ಮತ್ತು ಹಿದರಿ, ಇವುಗಳಂತಹ ಜೋಡಿಗಳನ್ನು ಒಂದೇ ದಿನ ಕಲಿಯಬೇಡಿ, ಯಾವುದು ಯಾವುದೆಂಬ ಸಂದೇಹ ಬಹುಕಾಲ ಉಳಿಯುತ್ತದೆ. ಒಂದು ಗಟ್ಟಿಯಾದ ಮೇಲೆ ವಾರ ಬಿಟ್ಟು ಇನ್ನೊಂದನ್ನು ತನ್ನಿ. ಬಣ್ಣಗಳಿಗೂ ಇದೇ ನಿಯಮ. ವಾರದ ಹೆಸರುಗಳು, ಕೊರೆ ಸೊರೆಗಳು, ಕೆಸು ಕಿಯೆರುಗಳು ಹಾಗಲ್ಲ; ಅವುಗಳ ರೂಪದಲ್ಲಿಯೇ ಒಂದು ಸೂತ್ರ ಕಾಣುವುದರಿಂದ ಒಟ್ಟಿಗೆ ಕಲಿತರೆ ಹಗುರ.

ಕತಕನದಲ್ಲಿ ಬರೆಯುವ ಪರಭಾಷಾ ಪದಗಳು ಬೇಗ ಬರುತ್ತವೆಯಾದರೂ ಎಚ್ಚರ ಬೇಕು. ಬ್ರೆಡ್ಡಿಗೆ ಪೋರ್ಚುಗೀಸರಿಂದ ಬಂದ ಪನ್, ಅರೆಕಾಲಿಕ ಕೆಲಸಕ್ಕೆ ಜರ್ಮನ್ ಮೂಲದ ಅರುಬಯಿತೊ. ಕೊನ್ಸೆನ್ತೊ ಎಂದರೆ ವಿದ್ಯುತ್ ಸಾಕೆಟ್, ಸುಮಾತೊ ಎಂದರೆ ತೆಳುಮೈಯವರು.

ಒಂದು ದಿನ ತಪ್ಪಿದರೆ ಮರುದಿನ ಹದಿನಾರು ಪದ ಕಲಿಯಲು ಹೋಗಬೇಡಿ. ಬಾಕಿಯಿರುವ ಹಳೆಯ ಹಾಳೆಗಳು ಮುಗಿಯುವವರೆಗೆ ಹೊಸ ಪದಗಳನ್ನು ನಿಲ್ಲಿಸಿ, ಬಾಕಿ ತೀರಿದ ದಿನ ಎಣಿಕೆಯನ್ನು ನಿಂತಲ್ಲಿಂದ ಮುಂದುವರಿಸಿ. ನೂರು ದಿನಗಳ ಅಭ್ಯಾಸ 115 ದಿನ ಹಿಡಿದರೆ ನಷ್ಟವೇನೂ ಇಲ್ಲ. ಐದು ಚುಕ್ಕೆ ಬಿದ್ದ ಪದವನ್ನು ಆರನೆಯ ಸಲ ಅದೇ ರೀತಿಯಲ್ಲಿ ಕಲಿಯುವುದು ವ್ಯರ್ಥ. ಬಹುಶಃ ಅದು ಇನ್ನೊಂದು ಪದದೊಡನೆ ಬೆರೆತಿರುತ್ತದೆ. ಕಡ ಕೊಡುವುದಕ್ಕೆ ಕಸು, ಕಡ ಪಡೆಯುವುದಕ್ಕೆ ಕರಿರು ಎಂಬ ಜೋಡಿ ನನ್ನನ್ನು ವಾರಗಟ್ಟಲೆ ಕಾಡಿತ್ತು. ಕಸುವನ್ನು ನೋಟ್‌ಪುಸ್ತಕದಿಂದ ತೆಗೆದು, ಕರಿರುವಿಗೆ ಗ್ರಂಥಾಲಯದಿಂದ ಪುಸ್ತಕ ತರುವ ಒಂದು ವಾಕ್ಯವನ್ನು ಕಟ್ಟಿ, ಹದಿನೈದು ದಿನಗಳ ನಂತರ ಕಸುವನ್ನು ಮರಳಿ ತಂದಾಗ ಗೊಂದಲ ತೀರಿತು.

25, 50 ಮತ್ತು 75ನೆಯ ದಿನಗಳಲ್ಲಿ ಅಲ್ಲಿಯವರೆಗಿನ ಹಾಳೆಗಳಿಂದ ಅಲ್ಲೊಂದು ಇಲ್ಲೊಂದರಂತೆ 30 ಪದಗಳನ್ನು ಆಯ್ದು ಬರೆದು ನೋಡಿ. 24ಕ್ಕಿಂತ ಕಡಿಮೆ ಸರಿಯಾದರೆ ಮೂರು ದಿನ ಹೊಸ ಪದಗಳಿಗೆ ಬಿಡುವು ಕೊಡಿ. ಗೋಡೆಯ ಮೇಲೆ ಗುರುತು ಹಾಕುವುದಾದರೆ, ಕಲಿತ ಪದಗಳ ಬದಲು ಮೂವತ್ತನೆಯ ದಿನದ ಪರೀಕ್ಷೆಯಲ್ಲಿ ಉಳಿದ ಪದಗಳ ಸಂಖ್ಯೆಯನ್ನು ಬರೆಯಿರಿ. ಆ ಸಂಖ್ಯೆ ಮೊದಲ ತಿಂಗಳು ಸೊನ್ನೆಯಾಗಿರುತ್ತದೆ. ಆಮೇಲೆ ಏರತೊಡಗಿದಾಗ ಅದನ್ನು ನಂಬಬಹುದು.

ನೂರನೆಯ ದಿನ ಕಲಿತ ಎಂಟು ಪದಗಳು ತಮ್ಮ ಕೊನೆಯ ಪರೀಕ್ಷೆಗೆ ಬರುವುದು 130ನೆಯ ದಿನ. ಆದ್ದರಿಂದ ಈ ಅಭ್ಯಾಸ ಮುಗಿಯುವುದೂ ಅಂದೇ. 115ನೆಯ ದಿನದ ನಂತರ ಬೆಳಗಿನ ಹಳೆಯ ಪದಗಳು ದಿನಕ್ಕೆ ಎಂಟಕ್ಕೆ ಇಳಿಯುತ್ತವೆ, ಸಂಜೆಯ ಹೊತ್ತು ಪೂರ್ತಿ ಬಿಡುವಾಗಿರುತ್ತದೆ. ಕಂಜಿಗಳ ಮೇಲೆ ಹಿರಗನದಲ್ಲಿ ಉಚ್ಚಾರಣೆ ಬರೆದಿರುವ ಮಕ್ಕಳ ಕತೆಯೊಂದನ್ನು ಆ ಹೊತ್ತಿನಲ್ಲಿ ತೆರೆದು, ದಿನಕ್ಕೆ ಒಂದು ಪುಟದಂತೆ ಗಟ್ಟಿಯಾಗಿ ಓದಿ. ಅದರಲ್ಲಿ ನಿಮ್ಮ ನೋಟ್‌ಪುಸ್ತಕದ ಪದ ಸಿಕ್ಕಾಗಲೆಲ್ಲ ಅದರ ಹಾಳೆಯ ಸಂಖ್ಯೆಯನ್ನು ಪಕ್ಕದಲ್ಲಿ ಬರೆಯಿರಿ.